ಬಾವಿಯ ತಳಕ್ಕೊಂದು ಕ್ಯಾಮೆರಾ

ಅಣ್ಣ ಫೋನ್ ಮಾಡಿ ಬಾವಿ ಮುಚ್ಚಿಸುವ ಸುದ್ದಿ ಹೇಳಿದಾಗ ನಾನು ಕುಷ್ಟಗಿಯ ಬಾಡಿಗೆ ಮನೆಯಲ್ಲಿ ಎಂಟನೆಯ ತರಗತಿಯ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕುಳಿತು ತಿದ್ದುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಎರಡು ಪತ್ರಿಕೆಗೊಮ್ಮೆ ಎದ್ದು ಒಲೆ ನೋಡುತ್ತೇನೆ, ಕಿಟಕಿ ತೆರೆಯುತ್ತೇನೆ, ಗಾಳಿ ಬಂದರೆ ಪತ್ರಿಕೆ ಹಾರುತ್ತವೆಂದು ಮತ್ತೆ ಮುಚ್ಚುತ್ತೇನೆ. “ನಿನ್ನ ಕಾಲಾಗ ಚಕ್ರ ಅದಾವ” ಎಂದು ನನ್ನ ಗಂಡ ಮದುವೆಯಾದ ವಾರದಲ್ಲೇ ಹೇಳಿದ್ದ. ಆಮೇಲೆ ಹೇಳುವುದನ್ನೂ ಬಿಟ್ಟ.

“ಜೆಸಿಬಿಯವಗ ಹೇಳೀನಿ,” ಅಂದ ಅಣ್ಣ. “ಕಾರಹುಣ್ಣಿವಿ ಒಳಗ ಬಾವಿ ಮುಚ್ಚಿಬಿಡ್ತೀನಿ. ನಿನ್ನ ಕಿವಿಗೊಂದು ಮಾತು ಹಾಕಬೇಕಲ್ಲ, ಅದಕ್ಕ ಫೋನ್ ಹಚ್ಚಿದೆ.”

“ಅತ್ತಿ ಏನಂತಾಳ?”

“ಅತ್ತಿ ಮಾತು ಬಿಟ್ಟು ಮೂರು ದಿನ ಆತು.”

ಫೋನ್ ಇಟ್ಟ ಮೇಲೆ ಒಂದು ಪತ್ರಿಕೆಯನ್ನೂ ತಿದ್ದಲಾಗಲಿಲ್ಲ. ಮರುದಿನ ಭಾನುವಾರ, ಮೊದಲ ಬಸ್ಸಿಗೆ ಊರಿಗೆ ಹೋದೆ.

ನನ್ನ ತವರು ಇರಕಲ್ಲಗಡದ ಹತ್ತಿರದ ಒಂದು ಹಳ್ಳಿ. ಮನೆಯ ಹಿಂದೆಯೇ ಹೊಲ, ಹೊಲದ ಮೊದಲಿಗೇ ಬಾವಿ. ನಾಲ್ಕೂ ಕಡೆ ಕಲ್ಲು ಕಟ್ಟಿದ ಚೌಕ ಬಾವಿ, ಒಂದು ಬದಿಗೆ ಮೆಟ್ಟಿಲು, ಇನ್ನೊಂದು ಬದಿಗೆ ರಾಟೆ. ಸುತ್ತ ಹಾಸುಗಲ್ಲು ಇದೆ, ತಡೆಗೋಡೆ ಇಲ್ಲ. ಅಣ್ಣನಿಗೆ ಈಗ ಬೋರ್ ಇದೆ, ದಾಳಿಂಬೆ ಗಿಡಗಳಿಗೆ ಹನಿ ನೀರಿನ ಪೈಪು ಇದೆ. ಬಾವಿಯ ನೀರು ಸೇದಿ ಕುಡಿಯುವವಳು ಅತ್ತೆ ಒಬ್ಬಳೇ. ಹಿಂದಿನ ವಾರ ಅಣ್ಣನ ನಾಲ್ಕು ವರ್ಷದ ಮಗಳು ಕೋಳಿಮರಿಯನ್ನು ಅಟ್ಟಿಸಿಕೊಂಡು ಬಾವಿಯ ಅಂಚಿನವರೆಗೆ ಹೋಗಿದ್ದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಕಂಡವಳೇ ಕಿರುಚಿ ಓಡಿ ಎತ್ತಿಕೊಂಡಿದ್ದಳು. ಅವತ್ತಿನಿಂದ ಅಣ್ಣ ಮಗುವನ್ನು ಕಣ್ಣಿನಿಂದ ಆಚೆ ಬಿಟ್ಟಿರಲಿಲ್ಲ. ಅವನ ಹೆದರಿಕೆ ಸುಳ್ಳಿನದಲ್ಲ. ಅದನ್ನು ಒಪ್ಪಿಕೊಳ್ಳುತ್ತಲೇ ನಾನು ಅವನ ಮೇಲೆ ಕುದಿಯುತ್ತಿದ್ದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಯಲಬುರ್ಗಾ ಕಡೆ ಕೊಟ್ಟಿದ್ದರು. ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡ. ತವರಿಗೆ ಬಂದವಳು ಇಲ್ಲೇ ಉಳಿದಳು. ನಮ್ಮಿಬ್ಬರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನನಗೆ ಈಜು ಕಲಿಸಿದವಳೂ ಅವಳೇ: ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಇದೇ ಬಾವಿಗೆ ನೂಕಿದಳು. ಹೆಣ್ಣುಮಕ್ಕಳಿಗೆ ಈಜು ಯಾಕೆ ಎಂದವರಿಗೆ “ನೀರಿಗೇನು ಗಂಡು ಹೆಣ್ಣು ಗೊತ್ತೈತೇನು?” ಎಂದಿದ್ದಳಂತೆ. ಅಣ್ಣನಿಗೂ ಬುರುಡೆ ಕಟ್ಟಿದ್ದಳು. ಅವನು ಬುರುಡೆ ಸಮೇತ ಓಡಿಹೋಗಿ ಜೋಳದ ಹೊಲದಲ್ಲಿ ಅಡಗಿಕೊಂಡ. ಇವತ್ತಿಗೂ ಅವನಿಗೆ ಈಜು ಬಾರದು, ಆ ಮಾತು ಎತ್ತಿದರೆ ಮೂಗಿನ ತುದಿಗೆ ಸಿಟ್ಟು.

ಆ ಬಾವಿ ತೋಡುವಾಗ ಅತ್ತೆಗೆ ಹತ್ತು ವರ್ಷ. ಮಣ್ಣಿನ ಬುಟ್ಟಿ ಹೊರುವವರಲ್ಲಿ ಅವಳೂ ಒಬ್ಬಳು. ಅವಳು ಹೇಳುವ ಕತೆ ನಮಗೆ ಬಾಯಿಪಾಠ. ತಳದಲ್ಲಿ ಬುಟ್ಟಿ ತುಂಬಿಸಿಕೊಂಡು ನಿಂತಾಗ ಈಶಾನ್ಯದ ಮೂಲೆಯಲ್ಲಿ ಎಡಗಾಲಿನ ಅಂಗಾಲಿಗೆ ತಣ್ಣಗೆ ತಾಗಿತು. ಬೆಚ್ಚಿ ಬುಟ್ಟಿ ಕೆಡವಿದಳು. “ನೀರು ಬಂತು” ಎಂದಳು. ಗಂಡಸರು ನಕ್ಕರು, ಬಿಸಿಲಿಗೆ ಹುಡುಗಿಯ ತಲೆ ತಿರುಗಿದೆ ಎಂದರು. ಮರುದಿನ ಅದೇ ಮೂಲೆಗೆ ಹಾರೆ ಹಾಕಿದಾಗ ಸೆಲೆ ಒಡೆಯಿತು. “ನೆಲದ ನೀರು ನೋಡಾಕ ಬಂದಿದ್ದವಗ ರುಮಾಲು ಸುತ್ತಿ ಮೆರೆಸಿದ್ರು. ನನಗ ಬುಟ್ಟಿ ಕೆಡವಿದ್ದಕ್ಕ ಬೆನ್ನಿಗೆ ಒಂದು ಬಿದ್ದಿತ್ತು, ಅದ ನನ್ನ ಪಾಲು” ಎಂದು ಅತ್ತೆ ನಗುತ್ತ ಮುಗಿಸುತ್ತಿದ್ದಳು. ನಾವೂ ನಗುತ್ತಿದ್ದೆವು. ಅದು ನಿಜವೇ ಎಂದು ನಾನಾಗಲಿ ಅಣ್ಣನಾಗಲಿ ಒಂದು ದಿನವೂ ಕೇಳಲಿಲ್ಲ.

ನಾನು ಹೋದಾಗ ಅತ್ತೆ ಹಾಸುಗಲ್ಲಿನ ಮೇಲೆ ಕುಳಿತಿದ್ದಳು. ಚಪ್ಪಲಿ ದೂರದಲ್ಲಿ ಬೇವಿನ ಬುಡಕ್ಕೆ ಬಿಟ್ಟಿದ್ದಳು. ಆ ಕಲ್ಲನ್ನು ಚಪ್ಪಲಿ ಕಾಲಲ್ಲಿ ತುಳಿಯಲು ಅವಳು ಯಾರನ್ನೂ ಬಿಡುವುದಿಲ್ಲ. ಗಂಗಮ್ಮನ ಹೊಸ್ತಿಲು ಎನ್ನುತ್ತಾಳೆ.

“ಮಳಿ ನೀರು ನಿಂತೈತಿ, ಅಷ್ಟ,” ಅಂದ ಅಣ್ಣ. “ಸುತ್ತ ಎಷ್ಟು ಬೋರ್ ಬಿದ್ದಾವ ನೋಡು. ಸೆಲಿ ಯಾವತ್ತೋ ಸತ್ತೈತಿ.”

ಅತ್ತೆ ನಾಲ್ಕನೆಯ ದಿನ ಬಾಯಿ ಬಿಟ್ಟಳು. “ಐತಿ.”

“ನೋಡೀಯೇನು?”

“ಕುಡೀತೀನಲ್ಲ, ಗೊತ್ತಾಗಂಗಿಲ್ಲೇನು?”

ಮೋಟಾರು ಹಚ್ಚಿ ನೀರು ಪೂರ್ತಿ ತೆಗೆದರೆ ತಿಳಿಯುತ್ತಿತ್ತು. ಆದರೆ ಪಡುವಣ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ನೀರು ಇಳಿದರೆ ಆಸರೆ ತಪ್ಪಿ ಕುಸಿಯುವುದೇ. ಪಕ್ಕದ ಹೊಲದ ಬಾವಿ ಹಾಗೆ ಕುಸಿದದ್ದನ್ನು ನಾವೆಲ್ಲ ನೋಡಿದ್ದೆವು. ನಾನೇ ಮುಳುಗಿ ನೋಡಿ ಬರುತ್ತೇನೆ ಎಂದೆ.

“ನೀ ನೋಡಿದ್ರ ನಾ ಹ್ಯಾಂಗ ನಂಬಲಿ? ನೀ ಅತ್ತಿ ಕಡೆಯಾಕಿ,” ಅಂದ ಅಣ್ಣ. “ನನ್ನ ಕಣ್ಣಿಗೆ ತೋರ್ಸು. ಸೆಲಿ ಬದುಕಿದ್ರ ಸುತ್ತ ಗ್ವಾಡಿ ಕಟ್ಟಸ್ತೀನಿ, ಮ್ಯಾಲ ಜಾಳಗಿ ಹಾಕಸ್ತೀನಿ. ಇಲ್ಲಂದ್ರ ಮುಚ್ಚೂದು ಮುಚ್ಚೂದ. ಸತ್ತ ತಗ್ಗಿಗೆ ನಾ ಕೂಸಿನ್ನ ಕೊಡಂಗಿಲ್ಲ.”

ಮಾತು ಒರಟಾದರೂ ನ್ಯಾಯ ನ್ಯಾಯವೇ. ಕಾರಹುಣ್ಣಿಮೆಯ ಹೊತ್ತಿಗೆ ಮಳೆ ಹಿಡಿಯುತ್ತದೆ, ಹೊಸ ನೀರು ಇಳಿದು ಬಾವಿ ರಾಡಿಯಾಗುತ್ತದೆ. ಅಷ್ಟರೊಳಗೆ ನೀರಿನೊಳಗಿನ ಸೆಲೆಯ ವಿಡಿಯೋ ತೆಗೆಯಬೇಕು. ಅತ್ತೆ ನನ್ನ ಮುಖ ನೋಡಿದಳು. ಅವಳಿಗೆ ಹೊಲವಿಲ್ಲ, ಮಕ್ಕಳಿಲ್ಲ, ಅವಳ ಹೆಸರಿನಲ್ಲಿ ಒಂದು ಗೋಡೆಯೂ ಇಲ್ಲ. ಈ ಊರಿನಲ್ಲಿ ಅವಳು ‘ಇದು ನನ್ನಿಂದ ಆಯಿತು’ ಎನ್ನುವುದಿದ್ದರೆ ಆ ಮೂಲೆಯ ನೀರು ಒಂದೇ. ಅದು ನನಗೆ ಆ ಕ್ಷಣ ಹೊಳೆಯಿತು.

ಅದೇ ಕ್ಷಣ ಒಳಗೊಳಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದ ಹಿಂದೆ ಗಂಡನ ಜೊತೆ ಮುರುಡೇಶ್ವರಕ್ಕೆ ಹೋದಾಗ ದೋಣಿಯಲ್ಲಿ ಕರೆದೊಯ್ದು ಸಮುದ್ರದಲ್ಲಿ ಮುಳುಗಿಸಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು, ಜೊತೆಗೆ ಒಬ್ಬ ಮಾರ್ಗದರ್ಶಿ, ಅವನ ಕೈಯಲ್ಲಿ ಅಂಗೈಯೊಳಗೆ ಅಡಗುವ ಕ್ಯಾಮೆರಾ. ಆ ವಿಡಿಯೋದಲ್ಲಿ ನನ್ನ ಜಡೆ ಹಾವಿನಂತೆ ಮೇಲೆದ್ದು ಆಡುತ್ತದೆ. ಅವತ್ತಿನಿಂದ ನನಗೂ ಅಂಥದ್ದೊಂದು ಬೇಕಿತ್ತು. ಕುಷ್ಟಗಿಯ ಮೇಷ್ಟ್ರಮ್ಮನಿಗೆ ನೀರಿನೊಳಗಿನ ಕ್ಯಾಮೆರಾ ಯಾಕೆ ಎಂದು ಯಾರಾದರೂ ಕೇಳಿದರೆ ಕೊಡಲು ಉತ್ತರ ಇರಲಿಲ್ಲ. ಈಗ ಸಿಕ್ಕಿತ್ತು.

ಬೇಸಿಗೆ ರಜೆ ಬಂತು. ಪಾಠ ಯೋಜನೆಯ ಪುಸ್ತಕದ ಹಿಂದಿನ ಹಾಳೆಗಳು ಕ್ಯಾಮೆರಾಗಳ ಪಟ್ಟಿಯಿಂದ ತುಂಬಿದವು. ಯಾವುದು ಎಷ್ಟು ಅಡಿ ಆಳ ತಡೆಯುತ್ತದೆ, ಯಾವುದಕ್ಕೆ ಹೊರಗಿನಿಂದ ಪೆಟ್ಟಿಗೆ ಬೇಕು, ಯಾವುದು ಕತ್ತಲಲ್ಲಿ ಕುರುಡು. ಮುಂಜಾನೆ ಒಂದನ್ನು ಗಟ್ಟಿ ಮಾಡಿದರೆ ಊಟದ ಹೊತ್ತಿಗೆ ಅದರ ಮೇಲೆ ಅನುಮಾನ. ಗಂಡನಿಗೆ ತೋರಿಸಿದರೆ, “ನಾ ನಿನ್ನ ನೋಡಾಕ ಬಂದಾಗ ಇಷ್ಟು ವಿಚಾರ ಮಾಡಿದ್ದಿಯೇನು?” ಎಂದ. ಮಾಡಿದ್ದರೆ ಗತಿ ಬೇರೆಯಾಗುತ್ತಿತ್ತು ಎಂದೆ.

ತಾಳ್ಮೆ ಮೊದಲೇ ಕಡಿಮೆ. ಕ್ಯಾಮೆರಾ ಗಟ್ಟಿಯಾಗುವ ತನಕ ಸುಮ್ಮನಿರಲಾರದೆ, ಕೊರಳಿಗೆ ನೇತುಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಫೋನನ್ನೇ ತುರುಕಿ ಊರಿಗೆ ಹೋಗಿ ಬಾವಿಗೆ ಇಳಿದೆ. ನಡುವಿಗೆ ಹಗ್ಗ ಕಟ್ಟಿ ಅದರ ತುದಿಯನ್ನು ಅಣ್ಣ ಹಿಡಿದಿದ್ದ. ಅಂಚಿನಿಂದ ಆರು ಅಡಿ ಹಿಂದೆ ನಿಂತು. ತಳ ಮುಟ್ಟಿದಾಗ ಗೊತ್ತಾಯಿತು, ನೀರು ಅದುಮಿದ ಫೋನಿನ ಪರದೆಗೆ ನನ್ನ ಬೆರಳು ಯಾವುದು, ನೀರು ಯಾವುದು ತಿಳಿಯುವುದಿಲ್ಲ. ಒತ್ತಿದರೆ ಒತ್ತಿದ್ದಲ್ಲ, ಒತ್ತದಿದ್ದರೆ ತಾನೇ ಏನೋ ತೆರೆದುಕೊಂಡು ಕೂರುತ್ತದೆ. ಮೇಲೆ ಬಂದು ನೋಡಿದರೆ ನನ್ನದೇ ಅಂಗೈಯ ಹದಿನೇಳು ಫೋಟೋ, ಎಲ್ಲವೂ ಹಸಿರು.

“ಛಲೋ ಬಂದಾವ,” ಅಂದ ಅಣ್ಣ. “ಕೈರೇಖೆ ನೋಡಾಕ ಆಗ್ತೈತಿ.”

ಮರುದಿನವೇ ಗಂಗಾವತಿಯ ಬಸ್ಸು ಹತ್ತಿದೆ. ಹೇಮಗುಡ್ಡ ಕಂಡಾಗ ಕಿಟಕಿಯಿಂದಲೇ ದೇವಿಗೆ ಕೈ ಮುಗಿದೆ. ಕೈ ಮುಗಿದ ಮೇಲೂ ಕಾಲು ಕುಣಿಯುತ್ತಲೇ ಇತ್ತು. ಗಂಗಾವತಿಯಲ್ಲಿ ಮೊಬೈಲು, ಕ್ಯಾಮೆರಾ ರಿಪೇರಿಯ ಒಂದು ಸಣ್ಣ ಅಂಗಡಿ ಇದೆ. ಸಾಣಾಪುರದ ಕೆರೆಯಲ್ಲಿ ಹರಿಗೋಲಿನಿಂದ ಪ್ರವಾಸಿಗಳು ಬೀಳಿಸಿಕೊಂಡ ಫೋನುಗಳೆಲ್ಲ ಅಲ್ಲಿಗೇ ಬರುತ್ತವೆ ಎಂದು ಕೇಳಿದ್ದೆ. ನೀರಿನ ವಿಷಯ ಅವನಿಗಿಂತ ಬಲ್ಲವರು ಯಾರು?

“ಏನು ನೋಡಬೇಕ್ರಿ ಅಕ್ಕಾರ?” ಅಂದ ಅಂಗಡಿಯವನು.

“ನೀರಾಗ ವಿಡಿಯೋ ಮಾಡಬೇಕ್ರಿ.”

“ಅದಲ್ರಿ. ನೀರಾಗ ಏನು ನೋಡಬೇಕ್ರಿ? ಓಡೂದು ನೋಡಬೇಕೋ, ನಿಂತದ್ದು ನೋಡಬೇಕೋ?”

ನನಗೆ ಎಲ್ಲವೂ ಬೇಕಿತ್ತು. ಬಾವಿ ಮುಗಿದ ಮೇಲೆ ಸಮುದ್ರ, ಸಮುದ್ರ ಮುಗಿದ ಮೇಲೆ ಇನ್ನೇನೋ. “ಎಲ್ಲಾದಕ್ಕೂ ಆಗೂದು ಕೊಡ್ರಿ” ಎಂದೆ. ಅವನು ಗಲ್ಲ ಕೆರೆದುಕೊಂಡು, ನನ್ನ ಕೈಗೆಟುಕುವಂಥ ಒಂದನ್ನು ತೆಗೆದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕ್ಯಾಮೆರಾ, ಅದಕ್ಕೊಂದು ಪಾರದರ್ಶಕ ಪೆಟ್ಟಿಗೆ, ಪೆಟ್ಟಿಗೆಯ ಬಾಯಿಗೆ ಕಪ್ಪು ರಬ್ಬರಿನ ಬಳೆ.

“ಈ ಬಳಿ ಮ್ಯಾಲ ಒಂದ ಒಂದು ಕೂದಲು ಕುಂತ್ರೂ ನೀರು ಒಳಗ ಬರ್ತೈತ್ರಿ,” ಎಂದು ಮೂರು ಸಲ ಹೇಳಿದ. ನಾನು ಮೂರು ಸಲ ತಲೆಯಾಡಿಸಿದೆ. ದಾರಿಯುದ್ದಕ್ಕೂ ಆ ಬಳೆಯನ್ನು ಕನ್ನಡಕದ ಬಟ್ಟೆಯಿಂದ ಒರೆಸುತ್ತ ಬಂದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, “ಬಂಗಾರದ್ದೇನ್ರೀ?” ಎಂದು ಕೇಳಿದಳು.

ತವರುಮನೆಗೆ ತಂದು ಕ್ಯಾಮೆರಾವನ್ನು ದೇವರ ಮುಂದೆ ಇಟ್ಟು, ಬಟ್ಟೆ ಬದಲಾಯಿಸಲು ಒಳಗೆ ಹೋದೆ. ನಮ್ಮಲ್ಲಿ ಟ್ರ್ಯಾಕ್ಟರ್ ಬರಲಿ, ಮಿಕ್ಸರ್ ಬರಲಿ, ಅರಿಶಿನ ಕುಂಕುಮ ಬೀಳದೆ ಕೆಲಸಕ್ಕೆ ಹಚ್ಚುವುದಿಲ್ಲ. ಪೆಟ್ಟಿಗೆಯ ಹೊರಗೆ ಒಂದು ಬೊಟ್ಟು ಇಟ್ಟಿದ್ದರೆ ಮುಗಿದಿತ್ತು. ಅತ್ತೆಗೆ ಅದು ಸಮಾಧಾನವಾಗಲಿಲ್ಲ. ಪೆಟ್ಟಿಗೆಗೆ ಪೂಜೆ ಮಾಡಿದರೆ ಒಳಗೆ ಕುಳಿತದ್ದಕ್ಕೆ ಹೇಗೆ ಮುಟ್ಟೀತು? ನಾನು ತೆರೆಯುವುದನ್ನು ನೋಡಿದ್ದಳು. ಹಾಗೆಯೇ ತೆರೆದು, ಕ್ಯಾಮೆರಾದ ಹಣೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಹಾಗೆಯೇ ಮುಚ್ಚಿದಳು. ನಾನು ಬಂದಾಗ ಊದುಬತ್ತಿ ಬೆಳಗುತ್ತಿದ್ದಳು. ಪಾರದರ್ಶಕ ಪೆಟ್ಟಿಗೆಯೊಳಗೆ ಕುಂಕುಮ ಹೊಳೆಯುತ್ತಿತ್ತು. ನನಗೆ ಅದು ಕಂಡಿತು, ಚೆಂದವೂ ಕಂಡಿತು. ವಿಜ್ಞಾನದ ಮೇಷ್ಟ್ರಮ್ಮನಾದ ನನ್ನ ತಲೆಗೆ ಆ ಕುಂಕುಮದ ನಾಲ್ಕು ಕಣ ರಬ್ಬರ್ ಬಳೆಯ ಮೇಲೂ ಉದುರಿರಬಹುದು ಎಂಬುದು ಹೊಳೆಯಲೇ ಇಲ್ಲ. ನನಗೆ ಇಳಿಯುವ ಆತುರ.

ಆಳಕ್ಕೆ ಹೋದಾಗ ಕೈಯಿಂದ ತೆಳ್ಳಗೆ ಕೆಂಪು ಎಳೆ ಹೊರಟಿತು. ಕಲ್ಲು ತಾಗಿ ಕೈ ಕೊಯ್ದಿರಬೇಕು ಎಂದುಕೊಂಡೆ. ಕಣ್ಣ ಹತ್ತಿರ ತಂದು ನೋಡಿದರೆ ಪೆಟ್ಟಿಗೆಯ ಅರ್ಧಕ್ಕೆ ನೀರು, ಅದರಲ್ಲಿ ಓಕುಳಿ.

ಅಂಗಡಿಯವನಿಗೆ ಫೋನ್ ಮಾಡಿದೆ. “ಅಕ್ಕಿಯೊಳಗ ಎರಡು ದಿನ ಹುಗದು ಇಡ್ರಿ, ಪಸಿ ಎಳಕೊಂತೈತಿ,” ಅಂದ. ಗಂಗಾವತಿಯವರಿಗೆ ಎಲ್ಲದಕ್ಕೂ ಅಕ್ಕಿಯೇ ಮದ್ದು. ನಾನು ವೈನಿಗೆ ಹೇಳಿ ತಲೆ ಒರೆಸಿಕೊಳ್ಳಲು ಹೋದೆ. ನಮ್ಮ ಮನೆಯಲ್ಲಿ ಅಕ್ಕಿ ಇರುವುದು ಹಬ್ಬಕ್ಕೆ ಆಗುವಷ್ಟು. ವೈನಿ ಕ್ಯಾಮೆರಾವನ್ನು ಜೋಳದ ಚೀಲದೊಳಗೆ ಮೊಣಕೈವರೆಗೆ ತೂರಿಸಿ ಹುಗಿದಿದ್ದಳು. “ಕಾಳು ಕಾಳ ಅಲ್ಲೇನು, ತಂಗಿ?” ಎಂದಳು ಆಮೇಲೆ. ಎರಡು ದಿನ ಬಿಟ್ಟು ತೆಗೆದರೆ ಅದರ ಸಂದುಗಳಲ್ಲಿ ಜೋಳದ ಹಿಟ್ಟು, ಗುಂಡಿಯ ಕೆಳಗಿಂದ ಒಂದು ನುಸಿ ಇಣುಕಿ ಹೊರಬಂತು. ಕ್ಯಾಮೆರಾ ಉಸಿರೆತ್ತಲಿಲ್ಲ.

ಆಗ ನಾನು ಅತ್ತೆಯ ಮೇಲೆ ಹರಿಹಾಯ್ದೆ. “ಯಾರು ಹೇಳಿದ್ರು ನಿನಗ ಅದನ್ನ ತೆಗಿಯಾಕ? ನಿನ್ನ ಬಾವಿ ಉಳಿಸಾಕ ನಾ ಓಡ್ಯಾಡಾಕತ್ತೀನಿ, ನೀನ ಕೆಡಿಸಿ ಕುಂತಿ!”

ಅತ್ತೆ ತನ್ನ ಬೆರಳಿಗೆ ಅಂಟಿದ್ದ ಅವತ್ತಿನ ಪೂಜೆಯ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು. “ಬುಟ್ಟಿ ಕೆಡವಿದಾಕಿ ನಾನ, ಇದನ್ನ ಕೆಡಿಸಿದಾಕಿನೂ ನಾನ,” ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನನಗೆ ನಾಚಿಕೆಯಾಯಿತು, ಕ್ಷಮಿಸು ಎನ್ನಲು ಬಾಯಿ ಬರದೆ ಅಂಗಳವನ್ನು ಎರಡು ಸಲ ಗುಡಿಸಿದೆ.

ಮತ್ತೆ ಗಂಗಾವತಿ. ಈ ಸಲ ಅಂಗಡಿಯವನ ಎದುರು ಕುಳಿತು ಅತ್ತೆಯ ಕತೆ ಪೂರ್ತಿ ಹೇಳಿದೆ. ಅವನು ಕೆಲಸ ಬಿಟ್ಟು ಕೇಳಿದ. “ಇದನ್ನ ಮೊದಲ ಹೇಳಬಾರದೇನ್ರಿ ಅಕ್ಕಾರ? ನಿಮಗ ಓಡೂದನ್ನ ಹಿಡಿಯೂ ಕ್ಯಾಮೆರಾ ಬ್ಯಾಡ. ಹತ್ರಿಂದ, ಅಗಲಾಗಿ ನೋಡ್ಕೊಂತ, ಗಟ್ಟ್ಯಾಗಿ ಒಂದ ಕಡೆ ಕೂಡೂದು ಬೇಕು,” ಎಂದು ಒಳಗಿನಿಂದ ಹಳೆಯದೊಂದನ್ನು ತಂದ. ಅದಕ್ಕೆ ಬೇರೆ ಪೆಟ್ಟಿಗೆ ಬೇಡ, ತಾನೇ ನೀರು ತಡೆಯುತ್ತದೆ. ಬ್ಯಾಟರಿಗೆ ಒಂದು ಸಣ್ಣ ಬಾಗಿಲು, ಮೇಲೊಂದು ದಪ್ಪ ಗುಂಡಿ, ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಮೂಲೆ ತರಚಿತ್ತು, ಪರದೆಯ ಮೇಲೆ ಗೀರು ಇತ್ತು. ನನ್ನ ಪಟ್ಟಿಯ ಯಾವ ಹಾಳೆಯಲ್ಲೂ ಅದರ ಹೆಸರು ಇರಲಿಲ್ಲ. ಜೊತೆಗೆ ನೀರಿನೊಳಗೆ ಉರಿಯುವ ಒಂದು ಟಾರ್ಚು ಕೊಟ್ಟ. ಬ್ಯಾಟರಿಯ ಬಾಗಿಲನ್ನು ದಿನಕ್ಕೆ ಹತ್ತು ಸಲ ಪರೀಕ್ಷಿಸಿದೆ. ಅತ್ತೆ ಆ ಕಡೆ ಸುಳಿಯಲಿಲ್ಲ. ನಾನೇ ಕರೆದು ಹೊರಗಿನಿಂದ ಒಂದು ಬೊಟ್ಟು ಇಡಿಸಿಕೊಂಡೆ.

ಟಾರ್ಚನ್ನು ಕ್ಯಾಮೆರಾದ ಪಕ್ಕಕ್ಕೇ ಕಟ್ಟಿ ಮುಳುಗಿದೆ. ಬಂದ ವಿಡಿಯೋ ನೋಡಿದರೆ ಬೀಸುವ ಕಲ್ಲಿನಿಂದ ಹಿಟ್ಟು ಹಾರಿದ ಹಾಗೆ ಪರದೆ ತುಂಬ ಬಿಳಿ ಚುಕ್ಕೆ. ಲಾರಿಯ ದೀಪದಲ್ಲಿ ರಸ್ತೆಯ ಧೂಳು ಎದ್ದು ಕಾಣುವಂತೆ, ನೀರಿನಲ್ಲಿ ತೇಲುವ ಮಣ್ಣಿನ ಪ್ರತಿ ಕಣವೂ ಬೆಳಗಿ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತಿತ್ತು. ಬೆಳಕನ್ನು ದೂರ ಇಡಬೇಕು ಎಂದು ಓದಿದ್ದೆ. ಟಾರ್ಚನ್ನು ಉದ್ದ ಕೋಲಿಗೆ ಕಟ್ಟಿದೆ. ಕೋಲು ಗೋಡೆಗೆ ಬಡಿದು ಇನ್ನಷ್ಟು ಮಣ್ಣು ಎದ್ದಿತು. ಕಾರಹುಣ್ಣಿಮೆಗೆ ಉಳಿದದ್ದು ಐದು ದಿನ. ದಕ್ಷಿಣಕ್ಕೆ ಸಂಜೆ ಸಂಜೆ ಮೋಡ ಕಟ್ಟುತ್ತಿತ್ತು. ಅದನ್ನು ಕಂಡು ಊರೆಲ್ಲ ಖುಷಿಪಟ್ಟರೆ ನಾನೊಬ್ಬಳೇ ಮೋಡವನ್ನು ಬೈಯುತ್ತಿದ್ದೆ.

“ದೀಪ ಯಾಕ ಒಳಗ ಒಯ್ತಿ?” ಅಂದಳು ಅತ್ತೆ, ವಿಡಿಯೋ ನೋಡಿ. ಬಹಳ ದಿನಗಳ ಮೇಲೆ ತಾನಾಗಿ ಆಡಿದ ಮಾತು. “ಬೆಳಕು ಮ್ಯಾಲಿಂದ ಬಿಡಬೇಕು. ಕೊಡ ಬಿದ್ರ ಹ್ಯಾಂಗ ತೆಗೀತಿದ್ವಿ?”

ಅದು ನನಗೆ ಮರೆತೇ ಹೋಗಿತ್ತು. ಬಾವಿಗೆ ಕೊಡ ಬಿದ್ದರೆ ನಾಲ್ಕಾರು ಕೊಕ್ಕೆಯ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಡಕುತ್ತಿದ್ದರು. ತಳ ಕಾಣಲೆಂದು ಒಬ್ಬರು ಅಂಚಿನಲ್ಲಿ ನಿಂತು ಕನ್ನಡಿ ಹಿಡಿದು ಸೂರ್ಯನನ್ನು ಒಳಗೆ ಹಾಯಿಸುತ್ತಿದ್ದರು. ಮಾರುದ್ದ ಆಳದ ನೀರಿನಲ್ಲೂ ಸೂಜಿ ಕಂಡೀತು ಎನ್ನುವಂಥ ಬೆಳಕು ಅದು. ನಾನು ಪಟ್ಟಿ ಮಾಡಿದ ದೀಪಗಳೆಲ್ಲ ಒಂದು ಕಡೆ, ವೈನಿಯ ಬೀರುವಿನ ಬಾಗಿಲ ಕನ್ನಡಿ ಒಂದು ಕಡೆ. ಅಣ್ಣ ಅದನ್ನು ಬಿಚ್ಚಿ ಕೊಟ್ಟ.

ಮರುದಿನ ಹನ್ನೊಂದರ ಬಿಸಿಲಿಗೆ ಅತ್ತೆ ಹಾಸುಗಲ್ಲಿನ ಮೇಲೆ ನಿಂತು ಕನ್ನಡಿ ಎತ್ತಿ ಹಿಡಿದಳು. ಬೆಳಕಿನ ಹಲಗೆಯೊಂದು ನೀರನ್ನು ಸೀಳಿಕೊಂಡು ಈಶಾನ್ಯದ ಮೂಲೆಗೆ ಇಳಿಯಿತು. ನಾನು ಮುಳುಗಿದೆ. ಕಲ್ಲಿನ ಸಂದು, ಬಳೆ ಚೂರು, ಒಂದು ಹಿತ್ತಾಳೆಯ ತಂಬಿಗೆಯ ಕಂಠ, ಎಲ್ಲ ಹಗಲಿನಷ್ಟು ನಿಚ್ಚಳ. ನಾನು ಹತ್ತಿರ ಸರಿದೆ. ನನ್ನ ಕಾಲು ಆಡಿತು. ಹಗಲು ಮುಗಿದು ಮಬ್ಬು ಬಂತು. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಹೋದೆ. ಮತ್ತೆ ಮಬ್ಬು. ನಾಲ್ಕನೆಯ ಸಲ ಮೆಟ್ಟಿಲಿನ ಮೇಲೆ ಕುಳಿತು ಏದುಸಿರು ಬಿಡುವಾಗ ಅತ್ತೆ ಮೇಲಿನಿಂದ ಹೇಳಿದಳು.

“ನೀ ಅಲ್ಲಿ ಇರೂತನ ಅದು ಕಾಣಂಗಿಲ್ಲ, ಯವ್ವಾ. ನೀನ ರಾಡಿ ಎಬ್ಬಸಾಕತ್ತೀ. ಅದನ್ನ ಅಲ್ಲಿ ಕುಂದ್ರಿಸಿ ನೀ ಎದ್ದು ಬಾ.”

ಎರಡು ತಿಂಗಳು ಊರೂರು ಅಲೆದವಳು ನಾನು. ಉಸಿರು ಕಟ್ಟಿ ಮುಳುಗುವವಳು ನಾನು. ಕೊನೆಗೆ ಎಲ್ಲ ಕೆಡಿಸುತ್ತಿರುವವಳೂ ನಾನೇ ಎಂದರೆ ಹೇಗಿರಬೇಡ? ಕಣ್ಣಲ್ಲಿ ನೀರು ಬಂತು. ಬಾವಿಯ ನೀರಿನ ಜೊತೆ ಅದು ಯಾರಿಗೂ ಕಾಣಲಿಲ್ಲ. ಆದರೆ ಮಾತು ದಿಟ. ಅಂಗಡಿಯವನೂ ಮೊದಲ ದಿನ ಇದನ್ನೇ ಕೇಳಿದ್ದ, ಓಡೂದೋ ನಿಂತದ್ದೋ ಎಂದು.

ಅಣ್ಣ ಮನೆಯಿಂದ ಹಳೆಯ ತಕ್ಕಡಿಯ ಐದು ಕೆಜಿಯ ತೂಕದ ಕಲ್ಲು ತಂದ. ಕ್ಯಾಮೆರಾವನ್ನು ಅದಕ್ಕೆ ಸುತಳಿಯಿಂದ ಬಿಗಿದೆ. ಗುಂಡಿ ಒತ್ತಿ ಕೆಂಪು ದೀಪ ಮಿಣುಕುವುದನ್ನು ನೋಡಿಕೊಂಡು ಒಯ್ದು ಮೂಲೆಯಿಂದ ಒಂದು ಮೊಳ ದೂರ ಇಟ್ಟು ಬಂದೆ. ಮೆಟ್ಟಿಲು ಹತ್ತಿ ಬೇವಿನ ನೆರಳಿಗೆ ಕುಳಿತೆ.

ಕುಳಿತೆ ಎಂದು ಬರೆಯುವುದು ಸುಲಭ. ಕುಳಿತೆ, ಎದ್ದೆ, ಬಾವಿಯ ಕಡೆ ಹೋದೆ. “ಕುಂದ್ರು!” ಎಂದಳು ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯದೆ. ಬಂದು ಕುಳಿತೆ. ಕ್ಯಾಮೆರಾ ಬಿದ್ದಿರಬಹುದು, ಗುಂಡಿ ಸರಿಯಾಗಿ ಒತ್ತಿರಲಿಕ್ಕಿಲ್ಲ, ಮುಖ ಗೋಡೆಗೆ ತಿರುಗಿರಬಹುದು. ಬೇವಿನ ಕಡ್ಡಿಗಳನ್ನು ಮುರಿದು ಮುರಿದು ಗುಡ್ಡೆ ಹಾಕಿದೆ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ವೈನಿ ದೂರದಿಂದ ನೋಡುತ್ತಿದ್ದಳು. ಸೂರ್ಯ ಸರಿದಂತೆಲ್ಲ ಅತ್ತೆ ಕನ್ನಡಿಯನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಕೈ ಗದಗುಟ್ಟುತ್ತಿತ್ತು. ಅಣ್ಣ ಎರಡು ಸಲ “ನನ್ನ ಕೈಯಾಗ ಕೊಡು ಅತ್ತಿ” ಎಂದ. ಕೊಡಲಿಲ್ಲ. ನಲವತ್ತು ನಿಮಿಷ ಹಾಗೆ ನಿಂತಳು.

ಕ್ಯಾಮೆರಾ ತಂದು, ಅದರ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಬೇವಿನ ಕೆಳಗಿನ ಹಗ್ಗ ಹೆಣೆದ ಹೊರಸಿನ ಮೇಲೆ ಇಟ್ಟೆವು. ಅತ್ತೆಯೂ ಬಂದು ಹೊರಸಿನ ತುದಿಗೆ ಕುಳಿತಳು. ಮೊದಲು ನನ್ನ ಕಾಲು ಮೇಲೆ ಹೋಗುವುದು, ಆಮೇಲೆ ಬರೀ ಮಬ್ಬು. ಹತ್ತು ನಿಮಿಷ ಮಬ್ಬೇ. ನನ್ನ ಬೆರಳು ಮುಂದೆ ಓಡಿಸಲು ಹೋಯಿತು. ಅಣ್ಣ ಕೈ ಹಿಡಿದು ತಡೆದ. ಮಣ್ಣು ನಿಧಾನವಾಗಿ ಕೂತಿತು. ಕನ್ನಡಿಯ ಬೆಳಕು ತೆಳ್ಳಗೆ ನಡುಗುತ್ತ ಮೂಲೆಯ ಕಲ್ಲಿನ ಮೇಲೆ ನಿಂತಿತು. ಅದು ಅತ್ತೆಯ ಕೈಯ ನಡುಕ. ಏನೂ ಇಲ್ಲ. ಕಲ್ಲು, ಮರಳು, ನಿಂತ ನೀರು. ಅಣ್ಣ ಉಸಿರು ಬಿಟ್ಟ. ಅವನ ಮುಖದಲ್ಲಿ ಗೆಲುವು ಇರಲಿಲ್ಲ, ಅದನ್ನು ಹೇಳಲೇಬೇಕು.

ಆಮೇಲೆ ಚಿತ್ರದ ಎಡತುದಿಯಲ್ಲಿ, ನಾನು ಗುರಿ ಇಟ್ಟ ಜಾಗದಲ್ಲಲ್ಲ, ಅದರ ಪಕ್ಕದ ಸಂದಿನಲ್ಲಿ, ಅಂಗೈಯಗಲದ ಮರಳು ಅಲುಗಾಡಿತು. ಎಸರಿನಲ್ಲಿ ನುಚ್ಚು ಕುದಿಯುವ ಹಾಗೆ ಕಣಗಳು ಏಳುವುದು, ಬೀಳುವುದು, ಮತ್ತೆ ಏಳುವುದು. ಮಗುವನ್ನು ಎತ್ತಿಕೊಂಡು ಹಿಂದೆ ಬಂದು ನಿಂತಿದ್ದ ವೈನಿಯೂ ಪರದೆಯ ಕಡೆ ಬಾಗಿದಳು. ಅದು ನಿಲ್ಲಲಿಲ್ಲ. ವಿಡಿಯೋ ಮುಗಿಯುವವರೆಗೂ ನಿಲ್ಲಲಿಲ್ಲ.

ಅಣ್ಣ ಫೋನ್ ತೆಗೆದು ಜೆಸಿಬಿಯವನಿಗೆ ಬರುವುದು ಬೇಡ ಎಂದ. ಗೌಂಡಿಗೆ ಫೋನ್ ಮಾಡಿ ಗೋಡೆಯ ಮಾತು ಆಡಿದ. ಆಮೇಲೆ ಫೋನನ್ನು ಜೇಬಿಗೆ ಹಾಕಿ, ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕುಳಿತ.

“ಅತ್ತಿ, ಯಾವ ಕಾಲು ಅಂದಿದ್ದಿ?”

ಅರವತ್ತು ವರ್ಷಕ್ಕೂ ಮೇಲಾಯಿತು ಆ ಕತೆಗೆ. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅತ್ತೆ ಸೀರೆಯ ನಿರಿಗೆ ಸರಿಸಿ ಎಡಗಾಲು ಚಾಚಿದಳು. ಅಣ್ಣ ಅಂಗಾಲಿಗೆ ಕೈ ಹಚ್ಚಿದವನೇ ಬೆಂಕಿ ಮುಟ್ಟಿದಂತೆ ಕೈ ತೆಗೆದ. ಕೆಂಪಗೆ ಸುಟ್ಟು ಬೊಬ್ಬೆ ಎದ್ದಿತ್ತು. ಆ ಉರಿಬಿಸಿಲಿನ ಹಾಸುಗಲ್ಲಿನ ಮೇಲೆ, ಚಪ್ಪಲಿ ಇಲ್ಲದೆ, ನಲವತ್ತು ನಿಮಿಷ. ನಾವಿಬ್ಬರೂ ಅವಳ ಕೈಯನ್ನು ನೋಡುತ್ತಿದ್ದೆವು, ಕಾಲನ್ನು ನೋಡಿರಲಿಲ್ಲ.

“ಹೇಳಬಾರದೇನು ಅತ್ತಿ?” ಅಂದ ಅಣ್ಣ.

“ಹೇಳಿದ್ರ ಕನ್ನಡಿ ಕಸಗೊಂತಿದ್ರಿ.”

ಅಣ್ಣ ಎದ್ದ. ತನ್ನ ಚಪ್ಪಲಿಯನ್ನು ಬೇವಿನ ಬುಡಕ್ಕೆ ಬಿಟ್ಟು ಕಾದ ಕಲ್ಲಿನ ಮೇಲೆ ಕಾಲಿಟ್ಟ. ಅಂಚಿನಿಂದ ಆರು ಅಡಿ ಹಿಂದೆಯೇ ನಿಲ್ಲುವ ಮನುಷ್ಯ ರಾಟೆಯವರೆಗೆ ಹೋಗಿ ಬಾಗಿ ಕೊಡ ಇಳಿಬಿಟ್ಟ. ನೀರು ಸೇದಿ ತಂದು ಅತ್ತೆಯ ಎಡಗಾಲಿನ ಮೇಲೆ ಸಣ್ಣಗೆ ಸುರಿದ. ನಾನು ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಅಲುಗಾಡದೆ ಹಿಡಿದುಕೊಂಡೆ.

ಅತ್ತೆ ಕಣ್ಣು ಮುಚ್ಚಿದಳು. “ಹೂಂ,” ಎಂದಳು. “ಇದ ನೀರು.”